ಕೆಟ್ಟ ಗಾಡಿಗೆ ಭಾವನ ಕಾವಲು

ಸ್ನೇಹಿತರೇ, ಬಸ್ ಡ್ರೈವರನ್ನು ಜೊತೆಗೆ ಕಟ್ಟಿಕೊಂಡು ಯುದ್ಧಕ್ಕೆ ಹೋಗಬೇಡಿ, ಅದು ಕಂಪ್ಯೂಟರಿನೊಳಗಿನ ಯುದ್ಧವಾದರೂ ಸರಿ.

ನಮ್ಮ ಭಾವ ಹೊನ್ನಾಳಿಯಲ್ಲಿ ಬಸ್ ಓಡಿಸುತ್ತಾರೆ. ರಜೆಯ ದಿನ ಅವರು ಅಲ್ಲಿಂದ, ನಾನು ಚನ್ನಗಿರಿಯಿಂದ ಆನ್‌ಲೈನ್ ಆಟದಲ್ಲಿ ಒಂದೇ ತಂಡ ಸೇರಿ ಯುದ್ಧವಿಮಾನ ಹಾರಿಸುತ್ತೇವೆ. ನಾನು ಮೇಲೇರಿದ ತಕ್ಷಣ ಗುಂಡು ಹಾರಿಸುವವಳು. ಅವರು ಮೋಡ ಕಂಡರೂ ನಿಧಾನ ಮಾಡುವವರು.

ಇವತ್ತು ಬೆಳಿಗ್ಗೆ ಶತ್ರು ವಿಮಾನವೊಂದರ ಇಂಜಿನ್‌ಗೆ ಹೊಡೆದೆ. ಅದು ಹೊಗೆ ಉಗುಳುತ್ತಾ ತನ್ನ ನೆಲೆಯತ್ತ ಇಳಿಯತೊಡಗಿತು. ಇನ್ನೊಂದು ಏಟು ಸಾಕಿತ್ತು. ಅಷ್ಟರಲ್ಲಿ ಭಾವ ತಮ್ಮ ವಿಮಾನವನ್ನು ನನಗೇ ಅಡ್ಡ ತಂದರು.

"ಭಾವ, ಪಕ್ಕಕ್ಕೆ ಸರೀರಿ! ಹೊಡೆಯಾಕೆ ಬಿಡ್ರಿ!"

"ಇಂಜಿನ್ ಕೆಟ್ಟೋನಿಗೆ ಯಾರಾದ್ರೂ ಹೊಡೀತಾರೇನಮ್ಮ? ಪಾಪ, ಸೈಡಿಗೆ ಹಾಕ್ಕೊಳ್ಳಾಕೆ ಹೊಂಟಾನೆ."

"ಅವ್ನು ಶತ್ರು ರೀ!"

"ಇರ್ಲಿ ಬಿಡು. ಕೆಟ್ಟು ನಿಂತ ಗಾಡೀನ ನೋಡೀನೂ ಹಂಗೇ ಹೋಗೋನಲ್ಲ ನಾನು."

ನಿಜ. ದಾರಿಯಲ್ಲಿ ಪೈಪೋಟಿಯ ಬಸ್ಸೇ ಕೆಟ್ಟು ನಿಂತಿದ್ದರೂ ಇಳಿದು ಸ್ಪಾನರ್ ಹಿಡಿಯುವ ಮನುಷ್ಯ. ಆ ಶತ್ರು ನೆಲ ಮುಟ್ಟುವವರೆಗೂ ಮೇಲೆ ಸುತ್ತು ಹಾಕುತ್ತಾ ಕಾವಲು ಕಾದರು. ನಾನು ಕೂಗಾಡುತ್ತಲೇ ಇದ್ದೆ.

ಅವನು ಇಳಿದ, ರಿಪೇರಿ ಮುಗಿಸಿಕೊಂಡ, ಮತ್ತೆ ಹಾರಿ ಬಂದು ನೇರವಾಗಿ ನನಗೇ ಹೊಡೆದ. ನನ್ನ ವಿಮಾನ ಉರಿಯುತ್ತಾ ಬೀಳುವಾಗ ಹೆಡ್‌ಫೋನಿನಲ್ಲಿ ಭಾವನ ಖುಷಿಯ ದನಿ:

"ನೋಡಮ್ಮ, ಗಾಡಿ ಎಷ್ಟ್ ಚೆನ್ನಾಗಿ ರೆಡಿ ಆಗೈತೆ!"

ಮುಂದಿನ ಸಲ ಭಾವನನ್ನು ಶತ್ರುಗಳ ತಂಡಕ್ಕೇ ಸೇರಿಸುತ್ತೇನೆ. ಆ ಕಡೆಯಾದರೂ ನನ್ನನ್ನು ಕಾಯುವವರು ಒಬ್ಬರಿರಲಿ.