ಎಲ್ಲರಿಗೂ ಬಾಡಿಗೆಗಿದ್ದ ಮೈಕು

ಆ ಪೇಟೆಯಲ್ಲಿ ಅವಳನ್ನು ಎಲ್ಲರೂ ಮೈಕಕ್ಕ ಅಂತಲೇ ಕರೆಯುತ್ತಿದ್ದರು. ಗಂಡ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಒಂದು ಹಳೆಯ ಆಂಪ್ಲಿಫೈಯರ್, ತಗಡಿನ ಸ್ಪೀಕರುಗಳು, ಸುರುಳಿ ಸುತ್ತಿದ ವೈರು ಮತ್ತು ಬಸ್ ನಿಲ್ದಾಣದ ಹಿಂದೆ ಒಂದು ಉದ್ದನೆಯ ಕೋಣೆ. "ಹೆಂಗಸು ಕಂಬ ಹತ್ತೋದು ಅಂದ್ರೇನು" ಎಂದು ಗಂಡನ ಕಡೆಯವರು ಮೂಗು ಮುರಿದರು. ಅವಳು ಅತ್ತೆಯ ಎದುರಿಗೇ ಏಣಿ ಹೆಗಲಿಗೇರಿಸಿಕೊಂಡು ಹೊರಟಳು.

ಬಾಡಿಗೆಯ ವಿಷಯದಲ್ಲಿ ಅವಳದು ಒಂದೇ ಮಾತು. ಯಾರು ಕೇಳಿದರೂ ಕೊಡುವುದು. ಗಿರಣಿ ಮಾಲೀಕರಿಗೂ ಕೊಟ್ಟಳು, ಅವರ ವಿರುದ್ಧ ಮುಷ್ಕರ ಹೂಡಿದವರಿಗೂ ಕೊಟ್ಟಳು. ದೇವರಿದ್ದಾನೆ ಅನ್ನುವವರು ಬೆಳಿಗ್ಗೆ ಮಾತಾಡಿ ಹೋದ ಜಾಗದಲ್ಲೇ ಸಂಜೆ ಇಲ್ಲ ಅನ್ನುವವರು ಬಂದು ಗಂಟಲು ಹರಿದುಕೊಂಡರು. ಮೈಕಕ್ಕ ವೇದಿಕೆಯ ಹಿಂದೆ ಸ್ಟೂಲಿನ ಮೇಲೆ ಕೂತು ಟೀ ಹೀರುತ್ತಾ ಧ್ವನಿಯ ಗುಂಡಿ ತಿರುಗಿಸುತ್ತಿದ್ದಳು. "ಬೈಗುಳ ಹೇಗೆ ತಿರುಗಿಸಿದ್ರೂ ಕೇಳುತ್ತೆ, ಹೊಗಳಿಕೆಗೇ ಸ್ವಲ್ಪ ಜಾಸ್ತಿ ಇಡ್ಬೇಕು" ಎಂದು ನಗುತ್ತಿದ್ದಳು.

ಅವಳಿಗೊಬ್ಬ ತಮ್ಮ. ತಾಯಿ ಹೋದಾಗ ಇನ್ನೂ ಹಾಲುಹಲ್ಲಿನ ಹುಡುಗ. ಎತ್ತಿ ಆಡಿಸಿ, ಓದಿಸಿ, ವಕೀಲನನ್ನಾಗಿ ಮಾಡಿದವಳು ಇವಳೇ. ಅವನು ಭಾಷಣ ಕಲಿತದ್ದು ಆ ಕೋಣೆಯಲ್ಲಿ, ದುರಸ್ತಿಯಾದ ಮೈಕುಗಳನ್ನು ಪರೀಕ್ಷೆ ಮಾಡುತ್ತಾ. ಆಗ ಪೇಟೆಯಲ್ಲಿ ನಗರಸಭೆಯದೊಂದು ಕಾನೂನಿತ್ತು. ಸಭೆ ಮಾಡುವವರು ಏನು ಮಾತಾಡುತ್ತೇವೆ ಎಂದು ಮೊದಲೇ ಪೊಲೀಸರಿಗೆ ಒಪ್ಪಿಸಬೇಕು, ಅವರು ಹೂಂ ಅಂದರೆ ಮಾತ್ರ ಬಾಯಿ ತೆರೆಯಬೇಕು. ತಮ್ಮ ಅದರ ಮೇಲೆ ಬಿದ್ದ. ಚೌಕಗಳಲ್ಲಿ ನಿಂತು, "ಸರ್ಕಾರದ ಕೆಲಸ ಬೀದಿ ಗುಡಿಸೋದು, ದೀಪ ಹಾಕಿಸೋದು, ಕಳ್ಳರನ್ನ ಹಿಡಿಯೋದು. ನಮ್ಮ ಬಾಯಿಗೆ ಬೀಗ ಹಾಕೋದಲ್ಲ. ಕೇಳಿದ್ರೆ ನನ್ನ ಮೈಯುರಿಯೋ ಮಾತನ್ನ ಆಡೋನಿಗೂ ಈ ಚೌಕದಲ್ಲಿ ಜಾಗ ಇರ್ಬೇಕು" ಎನ್ನುತ್ತಿದ್ದ. ಜನ ಕಿವಿ ನಿಮಿರಿಸಿ ಕೇಳುತ್ತಿದ್ದರು. ಒಮ್ಮೆ ಅವನ ಸಭೆಗೆ ಪೊಲೀಸರು ನುಗ್ಗಿ ಏಣಿ ಎಳೆದಾಗ ಮೇಲಿದ್ದ ಮೈಕಕ್ಕ ಬಿದ್ದು ಮೊಣಕೈ ಮುರಿದುಕೊಂಡಳು. ಕೈ ಆಮೇಲೆ ಪೂರ್ತಿ ನೇರವಾಗಲೇ ಇಲ್ಲ. ತಮ್ಮ ಆಸ್ಪತ್ರೆಯ ಮಂಚದ ಪಕ್ಕ ಕೂತು ಅತ್ತ.

ಚುನಾವಣೆ ಬಂತು, ತಮ್ಮ ಗೆದ್ದು ನಗರಸಭೆಯ ಅಧ್ಯಕ್ಷನಾದ. ಮೊದಲ ಸಭೆಯಲ್ಲೇ ಆ ಕಾನೂನು ರದ್ದಾಯಿತು. ಅವತ್ತು ಮೈಕಕ್ಕನ ಕಾಲು ನೆಲದ ಮೇಲಿರಲಿಲ್ಲ.

ಮರುವರ್ಷ ಗಡಿಯಾರ ರಿಪೇರಿಯವನೊಬ್ಬ ಅವಳ ಬಾಗಿಲಿಗೆ ಬಂದ. ಹೆಣ್ಣುಮಕ್ಕಳು ಮನೆ ಬಿಟ್ಟು ದುಡಿಯಬಾರದು ಎಂದು ವಾದಿಸುವ ಒಂದು ಸಣ್ಣ ಗುಂಪಿಗೆ ಅವನೇ ಮುಖಂಡ. ಅವಳ ಮುಖ ನೋಡದೆ ಗೋಡೆಯ ಜೊತೆ ಮಾತಾಡುವವನಂತೆ ಮೈಕು ಕೇಳಿದ.

"ಕೊಡ್ತೀನಿ. ಆದ್ರೆ ಕಂಬ ಹತ್ತಿ ಸ್ಪೀಕರ್ ಕಟ್ಟೋಳು ನಾನೇ. ಪರವಾಗಿಲ್ವಾ?"

ಅವನು ಮುಂಗಡದ ಹಣ ಎಣಿಸಿ ಇಟ್ಟ. "ಹತ್ತಿ."

ಸಭೆಯಲ್ಲಿ ಅವನು ಅವಳಂಥ ಹೆಂಗಸರನ್ನು ಮನಸಾರೆ ಬೈದ. ಅವಳು ಟೀ ಹೀರುತ್ತಾ ಕೇಳಿದಳು, ಒಳಗೊಳಗೇ ಅವನ ಕತ್ತು ಹಿಸುಕಬೇಕು ಅನ್ನಿಸಿದರೂ ಧ್ವನಿಯ ಗುಂಡಿ ಮುಟ್ಟಲಿಲ್ಲ. ಆಮೇಲೆ ಅವನು ನಗರಸಭೆಯ ಕಡೆ ತಿರುಗಿದ. ಹೊಸ ಕಟ್ಟಡದ ಹೆಸರಲ್ಲಿ ಚೌಕದ ಅಂಗಡಿಗಳನ್ನು ಕೆಡವಿದ ಅಧ್ಯಕ್ಷನ ಜನ್ಮ ಜಾಲಾಡಿದ. ಅದಕ್ಕೆ ಮಾತ್ರ ಚಪ್ಪಾಳೆ ಬಿತ್ತು.

ಮಾರನೆಯ ಬೆಳಿಗ್ಗೆ ಪೊಲೀಸರು ಬಂದು, ಶಾಂತಿ ಕದಡಿದ್ದಕ್ಕೆ ಜಪ್ತಿ ಎಂದು ಆಂಪ್ಲಿಫೈಯರು, ಸ್ಪೀಕರು, ವೈರು ಎಲ್ಲವನ್ನೂ ಹೊತ್ತೊಯ್ದರು. ಮೈಕಕ್ಕ ನೇರ ತಮ್ಮನ ಕಚೇರಿಗೆ ಹೋದಳು. ಇವನಿಗೆ ವಿಷಯ ಗೊತ್ತಾದರೆ ಜಪ್ತಿ ಮಾಡಿಸಿದ ಇನ್‌ಸ್ಪೆಕ್ಟರನ ಗತಿ ಏನಾಗುವುದೋ ಎಂದು ದಾರಿಯಲ್ಲಿ ಅವಳಿಗೆ ಸ್ವಲ್ಪ ಮರುಕವೂ ಬಂತು.

ತಮ್ಮ ಅವಳನ್ನು ಕೂರಿಸಿ, ನೀರು ತರಿಸಿ, ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೇಜಿನ ಅಂಚು ಸವರುತ್ತಾ, "ಅಕ್ಕ, ನಾನೇ ಹೇಳಿ ಮಾಡಿಸಿದ್ದು" ಎಂದ.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಏನು ಮಾಡಿಸಿದ್ದು?"

"ಸ್ವಾತಂತ್ರ್ಯ ಅನ್ನೋದು ಅಂಥವರಿಗಲ್ಲಕ್ಕ. ನಿನ್ನನ್ನೇ ಬಾಯಿಗೆ ಬಂದ ಹಾಗೆ ಬೈದನಂತಲ್ಲ."

"ಬೈದದ್ದು ನನ್ನನ್ನ. ನಾನು ದೂರು ಕೊಟ್ಟಿದ್ದೀನಾ? ನಿನ್ನನ್ನ ಬೈದ ಅಂತ ಉರಿ ನಿಂಗೆ, ನನ್ನ ಹೆಸರು ಯಾಕೆ ಎಳೀತೀಯ?"

ಅವನು ನೀರಿನ ಲೋಟವನ್ನು ಅವಳ ಕಡೆ ಸರಿಸಿದ. "ನೋಡು, ಜವಾಬ್ದಾರಿ ಅಂತ ಒಂದಿರುತ್ತೆ. ಯಾರು ಮೈಕು ಕೇಳೋಕೆ ಬಂದ್ರೂ ಮೊದಲು ನಮ್ಮ ಕಚೇರಿಗೆ ಒಂದು ಮಾತು ಹೇಳು. ನಾಳೆನೇ ನಿನ್ನ ಸಾಮಾನು ಮನೆಗೆ ಬರುತ್ತೆ."

ಏಣಿ ಎಳೆಸಿದ್ದ ಹಳೆಯ ಇನ್‌ಸ್ಪೆಕ್ಟರನೂ ಇದೇ ಜವಾಬ್ದಾರಿಯ ಮಾತಾಡಿದ್ದ. ಅದು ನೆನಪಾಗಿ ಅವಳು ಎದ್ದು ಬಂದಳು.

ಅವಳು ಕೋರ್ಟಿಗೆ ಹೋದಳು. ತಮ್ಮನ ಕೈಕೆಳಗೇ ಪಳಗಿದ್ದ ಒಬ್ಬ ವಕೀಲೆ ಅವಳ ಪರ ನಿಂತಳು. ಸಾಕ್ಷಿ ಹೇಳಲು ಕರೆದಾಗ ಗಡಿಯಾರದವನು, "ನನ್ನನ್ನ ಬಿಟ್ಬಿಡಮ್ಮ" ಎಂದು ಕೈ ಮುಗಿದ. ನಗರಸಭೆಯ ಹೊಸ ಕಟ್ಟಡದಲ್ಲಿ ಅವನಿಗೆ ಬೀದಿಗೆ ಮುಖವಾದ ಮಳಿಗೆ ಸಿಕ್ಕಿತ್ತು. ಕೇಸು ಮಾತ್ರ ಅವಳ ಪರವಾಯಿತು. ಸಾಮಾನು ಬಂತು, ಠಾಣೆಯ ತೇವದಲ್ಲಿ ತುಕ್ಕು ಹಿಡಿದು. ಅದನ್ನು ಉಜ್ಜಿ ರಿಪೇರಿ ಮಾಡುವಷ್ಟರಲ್ಲಿ ನಗರಸಭೆ ಇನ್ನೊಂದು ನಿಯಮ ತಂದಿತು. ಧ್ವನಿವರ್ಧಕ ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕು. ಅವಳ ಅರ್ಜಿ ಪ್ರತಿ ಸಲವೂ ಏನಾದರೊಂದು ನೆಪದಲ್ಲಿ ವಾಪಸ್ಸಾಯಿತು. ಅವಳು ಫ್ಯಾನು, ರೇಡಿಯೋ ರಿಪೇರಿಗೆ ಕೂತಳು.

ತಮ್ಮನ ವಿರೋಧಿಗಳು ಬಂದು, "ನಮ್ಮ ವೇದಿಕೆಗೆ ಬನ್ನಿ, ಅವನ ಬಣ್ಣ ಬಯಲು ಮಾಡಿ" ಎಂದರು.

"ಪರವಾನಗಿ ಕೊಡಿಸಿ, ಮೈಕು ಬಾಡಿಗೆಗೆ ಕೊಡ್ತೀನಿ. ನಾನು ಬಾಡಿಗೆಗಿಲ್ಲ" ಎಂದು ಕಳಿಸಿದಳು.

ಎಷ್ಟೋ ವರ್ಷಗಳ ಮೇಲೆ ಅವರ ಚಿಕ್ಕಮ್ಮ ನಡುವೆ ಬಂದು ಇಬ್ಬರನ್ನೂ ತನ್ನ ಮನೆಗೆ ಊಟಕ್ಕೆ ಕರೆದಳು. ತಮ್ಮ ಬಂದ, ಕೂದಲು ನರೆತಿತ್ತು. ತಟ್ಟೆಯ ಮುಂದೆ ಕೂತು, "ಹಳೇದೆಲ್ಲ ಮರೆತುಬಿಡಕ್ಕ" ಎಂದ.

"ಒಂದು ಕೇಳ್ತೀನಿ, ನಿಜ ಹೇಳು. ಆಗ ಚೌಕದಲ್ಲಿ ನಿಂತು ಹೇಳ್ತಿದ್ಯಲ್ಲ, ಅದನ್ನ ನಂಬಿದ್ಯಾ? ಇಲ್ಲ, ಸುಮ್ನೆ ಗೆಲ್ಲೋಕೆ ಹೇಳಿದ್ದಾ?"

ಅವನು ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದ. "ಇಲ್ಲಕ್ಕ, ನಂಬಿದ್ದೆ. ಆಗ ನಿಜವಾಗ್ಲೂ ನಂಬಿದ್ದೆ."

ಸುಳ್ಳು ಹೇಳಿದ್ದೆ ಅಂದಿದ್ದರೆ ಅವಳು ಬೈದು, ಅತ್ತು, ಹಗುರವಾಗುತ್ತಿದ್ದಳೇನೋ. ಆಸ್ಪತ್ರೆಯ ಮಂಚದ ಪಕ್ಕ ಕೂತು ಅತ್ತವನೂ ಇವನೇ, ನಿಜವಾಗಿಯೇ ಅತ್ತಿದ್ದ. ಆ ಹುಡುಗ ಎಲ್ಲಿ ಹೋದ ಎಂದು ಯಾರನ್ನು ಕೇಳುವುದು?

ಚಿಕ್ಕಮ್ಮ ಇನ್ನಷ್ಟು ಬಡಿಸಲು ಬಂದಳು. ಮೈಕಕ್ಕ ತಟ್ಟೆಗೆ ಕೈ ಅಡ್ಡ ಹಿಡಿದು, ಎದ್ದು ಕೈ ತೊಳೆಯಲು ಹೋದಳು. ತಮ್ಮ ಊಟ ಮುಗಿಸಿ ಹೊರಡುವವರೆಗೂ ಅವಳು ಹಿತ್ತಲಿನಿಂದ ಒಳಗೆ ಬರಲಿಲ್ಲ.