ಕರೀ ಬಿಯರಿನ ಒಂದು ಗುಟುಕು

ನನ್ನ ಗಂಡ ಪುಣೆಯ ಕಡೆ ಒಂದು ಬಿಯರ್ ಕಾರ್ಖಾನೆಯಲ್ಲಿದ್ದರು. ಮದುವೆ ಮಾತುಕತೆಯಲ್ಲಿ ಹಿರಿಯರು ಬರೀ ‘ಕಾರ್ಖಾನೆ’ ಅಂದು ಜಾರಿಕೊಂಡಿದ್ದರು. ಮನಗೂಳಿಯಲ್ಲಿದ್ದ ನನ್ನ ಅಪ್ಪನಿಗೆ ನಿಜ ತಿಳಿದದ್ದು ಮರುವರ್ಷ. ಅಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಅಳಿಯನ ಕೈಯಿಂದ ನೀರು ಇಸಿದುಕೊಳ್ಳುವುದನ್ನು ಬಿಟ್ಟ, ಅಷ್ಟೇ. ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ಒಂದು ತಂಬಿಗೆ ನೀರು ಕೊಡುತ್ತೇವೆ. ಅಪ್ಪ ಒಮ್ಮೆ ಪುಣೆಗೆ ಬಂದಾಗ ಇವರು ಹಿಡಿದ ತಂಬಿಗೆಯನ್ನು ನೋಡಿಯೂ ನೋಡದವನ ಹಾಗೆ, ನೀರು ತಾ ಎಂದು ನನ್ನನ್ನು ಕರೆದ. ಇವರು ಹಾಗೇ ನಿಂತಿದ್ದರು. ನೆನೆಸಿಕೊಂಡರೆ ಈಗಲೂ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕದ ಒಂದು ಬೇಸಿಗೆ ಇಬ್ಬರೂ ನನ್ನ ತವರಿಗೆ ಹೊರಟಾಗ ಇವರು ಒದ್ದೆ ಬಟ್ಟೆಯಲ್ಲಿ ಒಂದು ಬಾಟ್ಲಿ ಸುತ್ತಿ ಚೀಲಕ್ಕಿಟ್ಟರು. ತಾವೇ ಮುಂದೆ ನಿಂತು ಮೊದಲ ಸಲ ಮಾಡಿಸಿದ ಕರೀ ಬಿಯರು, ಬಲು ಖಡಕ್ಕು.

“ತಲಿ ನೆಟ್ಟಗ ಐತೇನು ನಿಮ್ಮದು?” ಅಂದೆ.

“ಕುಡಸಾಕಲ್ಲ. ನಾ ಏನ ಕೆಲಸ ಮಾಡ್ತೇನಿ ಅಂತ ತೋರಸಾಕ,” ಅಂದರು.

ಮನಗೂಳಿಯಲ್ಲಿ ಊಟವಾದ ಮೇಲೆ ಪಡಸಾಲೆಯ ಚಾಪೆಯ ಮೇಲೆ ಇವರು ಮೊದಲು ತೆಗೆದಿಟ್ಟದ್ದು ಬಾಟ್ಲಿಯನ್ನಲ್ಲ, ಒಂದು ಮುಷ್ಟಿ ಕಾಳು. ಜಾಣರು. ಕಾಳು ಕಂಡರೆ ಕಡಿದು ನೋಡದೆ ಇರಲಾರದ ಮನುಷ್ಯ ನನ್ನಪ್ಪ. ಒಂದನ್ನು ಬಾಯಿಗೆ ಹಾಕಿ ಕಡಿದು ಮುಖ ಸಿಂಡರಿಸಿದ.

“ಮೊಳಕಿ ಒಡದ ಕಾಳು. ಮಳ್ಯಾಗ ಕೆಟ್ಟದ್ದನ್ನ ಹುರದೀರಿ.”

“ಕೆಟ್ಟಿಲ್ಲರಿ ಮಾವಾರ. ಬಾರ್ಲಿ ಇದು, ಬೇಕಂತನ ಮೊಳಕಿ ಬರಿಸೇವಿ.”

ಇವರು ಹೇಳುತ್ತಾ ಹೋದರು. ಮೊಳಕೆಯನ್ನು ಒಣಗಿಸಿ, ಹುರಿದು, ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸುತ್ತಾರಂತೆ. ಅದರಲ್ಲಿ ಒಂದು ಪಾಲು ಬೇರೆ ತೆಗೆದು ಕುದಿಸಿ ಮತ್ತೆ ದೊಡ್ಡ ಹಂಡೆಗೇ ಸುರಿಯುತ್ತಾರೆ. ಹೀಗೆ ಮೂರು ಸಲ. ಹಳೇ ಪದ್ಧತಿ, ಮೈಮುರಿ ಕೆಲಸ. ಹುದುಗು ಬಂದ ಮೇಲೆ ಮೂರು ತಿಂಗಳು ಥಂಡಿಯಲ್ಲಿ ಇಡಬೇಕು.

“ಮೂರ ತಿಂಗಳಾ? ಕೆಡಾಂಗಿಲ್ಲೇನು?”

“ದಿನಾ ಹೋಗಿ ನೋಡ್ತೇನ್ರಿ.”

ಬಾಟ್ಲಿ ತೆರೆದಾಗ ನೊರೆ ಉಕ್ಕಿ ಇವರ ಕೈಯೆಲ್ಲ ಒದ್ದೆಯಾಯಿತು. ಬಟ್ಟಲಿಗೆ ಸುರಿದು ಚಾಚಿದರು. ಅಪ್ಪ ಕೈ ಮುಂದೆ ಮಾಡಲಿಲ್ಲ. ಮತ್ತೆ ಅದೇ ಮುಖ, ಚಾಚಿದ ಅದೇ ಕೈ. ನನಗೆ ರೇಗಿಹೋಯಿತು. ಬಟ್ಟಲು ಕಸಿದುಕೊಂಡು ಅಪ್ಪನ ಎದುರೇ ಒಂದು ಗುಟುಕು ಕುಡಿದೆ, ಹುಟ್ಟಿದಾಗಿನಿಂದ ಮೊದಲ ಸಲ. ಮೊದಲು ಕಹಿ. ಆಮೇಲೆ ಕಾಯಿಸಿದ ಬೆಲ್ಲದ ಸುಳಿವು. ಕೊನೆಗೆ ನಾಲಗೆಯ ಮೇಲೆ ಉಳಿದದ್ದು ನಮ್ಮ ಮನೆಯದೇ ರುಚಿ. ಎದೆ ಬೆಚ್ಚಗಾಯಿತು.

ಬೈಗುಳಕ್ಕೆ ಕಾದು ನಿಂತೆ.

“ಹ್ಯಾಂಗ ಐತಿ?” ಅಂದ ಅಪ್ಪ.

“ನೀ ಅವ್ವಗ ಹೇಳಿ ಕರ್ರಗ ಸುಡಸ್ಕೊಂಡ ತಿಂತಿ ನೋಡು, ಆ ರೊಟ್ಟಿ ಅಂಚಿನಂಗ.”

ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ನಗಲಿಲ್ಲ. ಬಟ್ಟಲನ್ನು ಮುಟ್ಟಲೂ ಇಲ್ಲ. ಚಾಪೆಯ ಮೇಲಿನ ಕಾಳನ್ನು ಒಂದೊಂದಾಗಿ ಆಯ್ದು, ಈ ಸಲ ನಿಧಾನಕ್ಕೆ ಅಗಿಯುತ್ತಾ ಕೂತ. ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡ. ನಾನು ಎಂದಿನಂತೆ ನೀರು ತರಲು ಎದ್ದೆ.

“ನೀ ಕುಂದ್ರು,” ಅಂದ. ಇವರ ಕಡೆ ತಿರುಗಿ, “ಅಳಿಯಾರ, ಒಂದ ತಂಬಗಿ ನೀರ ಕೊಡ್ರಿ.”

ಇವರು ನೊರೆಯ ಕೈ ಒರೆಸಿಕೊಳ್ಳುವುದನ್ನೂ ಮರೆತು ನೀರಿನ ಹರವಿಯ ಕಡೆ ಓಡಿದರು.