ಮೋಶೆಗೂ ಒಕ್ಕಲಿಗೆ ರಜೆ ಸಿಗಲಿಲ್ಲ

ನಾನು ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುವವನು. ಒಂದು ಆದಿತ್ಯವಾರ ಉಪ್ಪಳ ಸ್ಟೇಷನ್ನಿನ ಹತ್ತಿರ ರಿಕ್ಷಾ ಹತ್ತಿದೆ. ಡ್ರೈವರು ಪರಿಚಯದವನೇ, ಗಲ್ಫಿನಿಂದ ವಾಪಸು ಬಂದವನು. "ಇವತ್ತು ಎಂತ ಪಾಠ?" ಎಂದು ಕೇಳಿದ.

"ಇಸ್ರಾಯೇಲರು ಈಜಿಪ್ಟ್ ಬಿಟ್ಟದ್ದು. ಅಲ್ಲಿಯ ರಾಜ ಬಿಡಲಿಕ್ಕೇ ಒಪ್ಪಲಿಲ್ಲ."

"ಪಾಸ್‌ಪೋರ್ಟ್ ಅವನ ಕೈಯಲ್ಲಿ ಇದ್ದಿರಬೇಕು. ನನ್ನ ಅರಬಿ ಧಣಿಯದ್ದೂ ಅದೇ ಕತೆ."

ಇಸ್ರಾಯೇಲರನ್ನು ನಲವತ್ತು ವರ್ಷ ಮರುಭೂಮಿಯಲ್ಲಿ ನಡೆಸಿದ ಮೋಶೆ, ದೇವರು ಮಾತು ಕೊಟ್ಟಿದ್ದ ಹಾಲುಜೇನಿನ ನಾಡನ್ನು ಗುಡ್ಡದ ಮೇಲಿಂದ ನೋಡಿಯೇ ಸತ್ತ ಎಂದೆ.

ರಿಕ್ಷಾ ನಿಧಾನವಾಯಿತು.

"ಒಳಗೆ ಬಿಡಲೇ ಇಲ್ಲವಾ? ನನಗೂ ಹೊಸ ಮನೆಯ ಒಕ್ಕಲಿಗೆ ರಜೆ ಸಿಗಲಿಲ್ಲ ಮಾರಾಯ್ರೆ. ನಾನು ಕಟ್ಟಿಸಿದ ಮನೆಯನ್ನು ವೀಡಿಯೋ ಕಾಲಿನಲ್ಲಿ ನೋಡಿದೆ. ಹೆಂಡತಿ ಪಾಯಸವನ್ನೂ ತೋರಿಸಿದಳು."

ದೇವರು ಮೋಶೆಗೆ ಮಾಡಿದ್ದು ಅನ್ಯಾಯವೇ. ಆದರೂ ಪಾಯಸದ ಪಾತ್ರೆಗೆ ಕ್ಯಾಮೆರಾ ಹಿಡಿಯಲಿಲ್ಲವಲ್ಲ!